ಕತ್ತಿ ಗಂಟಲಲ್ಲಿರುವಾಗ

ಆಗಸ್ಟ್ 16, 2024, ಶುಕ್ರವಾರ
ಅಲ್ ವಕ್ರಾ, ಕತಾರ್

ಯಜ್ಞೇಶರ ಕುತ್ತಿಗೆಯಲ್ಲಿ, ಎಡಗಿವಿಯ ಕೆಳಗೆ, ಒಂದು ಗಾಯ. ಸಣ್ಣದೇ. ಹತ್ತಿ ಅಂಟಿಸಿಕೊಂಡು ತಿಂಡಿಗೆ ಬಂದರು. "ಎಂತ ಅದು?" ಎಂದೆ. "ಎಂತ ಇಲ್ಲ" ಎಂದರು. ನನ್ನ ಗಂಡನಿಗೆ ಗೊತ್ತಿರುವ ಉತ್ತರ ಇದೊಂದೇ. ಮನೆ ಹೊತ್ತಿ ಉರಿದರೂ ಹೊಗೆಯೊಳಗಿಂದ "ಎಂತ ಇಲ್ಲ" ಎಂದೇ ಹೇಳಿಯಾರು.

ಮದುವೆಯಾದಂದಿನಿಂದ ಅವರ ಮುಖದಲ್ಲಿ ಗಾಯ ನೋಡಿದವಳಲ್ಲ ನಾನು. ಅವರು ಗಡ್ಡ ತೆಗೆಯುವುದು ಎಲ್ಲರ ಹಾಗೆ ಅಂಗಡಿಯ ರೇಜರಿನಲ್ಲಲ್ಲ, ಮಡಚುವ ಹಿಡಿಯ ಹಳೆಯ ಕಾಲದ ಕ್ಷೌರದ ಕತ್ತಿಯಲ್ಲಿ. ಅದೂ ಅಮೆರಿಕದಲ್ಲಿ ಮಾಡಿದ್ದೇ ಆಗಬೇಕು. ಜರ್ಮನಿಯದ್ದು, ಇಂಗ್ಲೆಂಡಿನದ್ದು ಎಷ್ಟು ಚೆಂದ ಇದ್ದರೂ ಬೇಡ. ಬೇರೆಯವರ ಶೋಕೇಸಿನಲ್ಲಿ ಗಾಜಿನ ಬಾತುಕೋಳಿ ಇರುವ ಜಾಗದಲ್ಲಿ ನಮ್ಮಲ್ಲಿ ನೂರು ವರ್ಷ ಹಿಂದಿನ ಕತ್ತಿಗಳು ಮಲಗಿವೆ. ಬಂದವರಿಗೆ ಚಹಾದ ಜೊತೆ ಅವುಗಳ ಚರಿತ್ರೆ ಕಡ್ಡಾಯ. ಈ ಕತ್ತಿಯ ಮೇಲಿರುವ ಜಿನೀವಾ ಸ್ವಿಟ್ಜರ್ಲೆಂಡಿನದಲ್ಲ, ನ್ಯೂಯಾರ್ಕ್ ರಾಜ್ಯದ ಒಂದು ಊರು. ಅದೇ ರಾಜ್ಯದ ಲಿಟಲ್ ವ್ಯಾಲಿ ಎಂಬ ಹಳ್ಳಿಯಲ್ಲಿ ಕೇಸ್ ಮನೆತನದ ಅಣ್ಣತಮ್ಮಂದಿರು, ಅವರ ಭಾವ, ಮಕ್ಕಳು, ಯಾರನ್ನು ಮುಟ್ಟಿದರೂ ಕತ್ತಿಯವರೇ. ಇದನ್ನೆಲ್ಲ ನಾನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಹಾಳು ಕತ್ತಿಗಳು.

ಮನೆಯಲ್ಲಿ ಒಂದು ಕಾನೂನಿದೆ. ಕತ್ತಿ ಗಂಟಲಲ್ಲಿರುವಾಗ ಯಾರೂ ಮಾತಾಡಬಾರದು. ಬಚ್ಚಲಿನ ಬಾಗಿಲು ತೆರೆದಿಟ್ಟುಕೊಂಡೇ ಅವರು ಗಡ್ಡ ತೆಗೆಯುತ್ತಿದ್ದರು, ನಾನೂ ಮಗಳು ಗ್ರೀಷ್ಮಾಳೂ ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆವು. ಈಗ ಕೆಲವು ವಾರಗಳಿಂದ ಬಾಗಿಲಿಗೆ ಚಿಲಕ. ಊಟ ಅರ್ಧ. ಟಿವಿ ನೋಡುತ್ತಾರೆ, ಏನು ನೋಡಿದರೆಂದು ಕೇಳಿದರೆ ಗೊತ್ತಿಲ್ಲ.

ನಮ್ಮ ಅಣ್ಣನೂ ಹೀಗೇ ಇದ್ದ. "ಎಂತ ಇಲ್ಲ" ಎನ್ನುತ್ತಲೇ ಒಂದು ದಿನ ತಾನೇ ಜೀವ ಕಳೆದುಕೊಂಡ. ಅವನ ಮದುವೆಗೆಂದು ಹೊಲಿದ ಬ್ಲೌಸನ್ನು ನಾನಿನ್ನೂ ಹಾಕಿಲ್ಲ.

ನನಗೆ ಹೆದರಿಕೆಯಾಗಿದೆ. ಬಾಯಿಬಿಟ್ಟು ಯಾರಿಗೂ ಹೇಳುವ ಮಾತಲ್ಲ ಎಂದು ಗ್ರೀಷ್ಮಾಳ ಹಳೆಯ ಶಾಲಾ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ. ನಮ್ಮ ಮಗಳಿಗೆ ಕನ್ನಡ ಓದಲು ಬಾರದು. ಇಷ್ಟು ದಿನ ಅದಕ್ಕಾಗಿ ಬೈಯುತ್ತಿದ್ದೆ, ಇವತ್ತು ಒಳ್ಳೆಯದೇ ಆಯಿತು ಅನ್ನಿಸಿತು.

ಆಗಸ್ಟ್ 20, ಮಂಗಳವಾರ

ಮತ್ತೊಂದು ಗಾಯ. ಈ ಸಲ ಗಲ್ಲದ ಕೆಳಗೆ. ಬಚ್ಚಲಿಂದ ಹೊರಬಂದವರೇ ಯಾರ್ಡಿಗೆ ಫೋನ್ ಮಾಡಿ ಮೈ ಹುಷಾರಿಲ್ಲ ಎಂದರು. ಇವರ ಕೆಲಸ ಖಾಸಗಿ ಕಂಟೇನರ್ ಯಾರ್ಡೊಂದರಲ್ಲಿ. ಹಮದ್ ಬಂದರಿನಿಂದ ಬರುವ ಕಬ್ಬಿಣದ ಪೆಟ್ಟಿಗೆಗಳನ್ನು ಎತ್ತಿ ಲಾರಿಗಿಡುವ ದೊಡ್ಡ ಕ್ರೇನಿನ ಆಪರೇಟರ್. ಆರು ಮಾಳಿಗೆ ಎತ್ತರದ ಗಾಜಿನ ಗೂಡಿನಲ್ಲಿ ಕೂತು ಕೆಲಸ. ಜ್ವರದಲ್ಲೂ ರಜೆ ಹಾಕಿದ ಮನುಷ್ಯನಲ್ಲ. ಈ ತಿಂಗಳು ಎಷ್ಟನೆಯ ರಜೆಯೋ.

ಬೆಳಗಿನಿಂದ ಶೋಕೇಸಿನ ಮುಂದೆ ಕೂತಿದ್ದಾರೆ. ಒಂದೊಂದೇ ಕತ್ತಿ ತೆಗೆಯುತ್ತಾರೆ, ಬಿಚ್ಚುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮುಚ್ಚುತ್ತಾರೆ. ನಾನು ಅಡಿಗೆಮನೆಯಲ್ಲಿದ್ದರೂ ಅವರ ಮೇಲಿಂದ ಕಣ್ಣು ಕೀಳಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಗ್ರೀಷ್ಮಾ ಹತ್ತಿರ ಹೋಗಿ ಕೂತಳು. ಇವರು ಅವಳಿಗೆ ಹೇಳುವುದು ಕೇಳಿಸಿತು. "ಇದನ್ನೆಲ್ಲ ಮಾಡಿದವರಲ್ಲಿ ಸುಮಾರು ಜನ ಅಮೆರಿಕದವರೇ ಅಲ್ಲ ಮಗಾ. ಜರ್ಮನಿಯ ಜೋಲಿಂಗನ್, ಇಂಗ್ಲೆಂಡಿನ ಶೆಫೀಲ್ಡ್, ಅಲ್ಲಿಂದ ಹಡಗು ಹತ್ತಿ ದುಡಿಲಿಕ್ಕೆ ಬಂದವರು. ನಾವು ಗಲ್ಫಿಗೆ ಬಂದ ಹಾಗೆ. ಆಮೇಲೆ ಬ್ಲೇಡ್ ಹಾಕುವ ರೇಜರ್ ಬಂತು. ಯುದ್ಧದಲ್ಲಿ ಸೋಲ್ಜರ್‌ಗಳಿಗೆಲ್ಲ ಅದನ್ನೇ ಕೊಟ್ರು. ಒಂದೊಂದೇ ಫ್ಯಾಕ್ಟರಿ ಖಲಾಸ್."

"ದೆನ್ ವೇರ್ ಡಿಡ್ ದೇ ಗೋ, ಪಪ್ಪಾ? ಆ ಜನ?"

"ಅದನ್ನು ಯಾರೂ ಬರ್ದಿಡ್ಲಿಲ್ಲ."

ಅಷ್ಟು ಹೇಳಿ ಕತ್ತಿಯ ಅಲಗನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಮುಟ್ಟಿದರು.

ಆಗಸ್ಟ್ 23, ಶುಕ್ರವಾರ

ಝುಬೈರ್ ಬಂದಿದ್ದ. ಇವರ ಗೆಳೆಯ, ಉಳ್ಳಾಲದವನು. ಇಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ದೇಶ ಬಿಟ್ಟು ಹೋಗುವವರು ಮಾರಿ ಹೋದ ಸೋಫಾ, ಫ್ರಿಜ್ಜುಗಳ ನಡುವೆ ಅಪರೂಪಕ್ಕೆ ಒಂದು ಕತ್ತಿ ಸಿಕ್ಕಿದರೆ ಅದನ್ನು ಇವರಿಗೇ ಎತ್ತಿಡುತ್ತಾನೆ.

"ಯಜ್ಞಣ್ಣಾ, ಕಣ್ಣು ಮುಚ್ಚಿ ಕೈ ಒಡ್ಡಿ" ಎಂದು ಪೇಪರಿನಲ್ಲಿ ಸುತ್ತಿದ್ದನ್ನು ಟೀಪಾಯಿಯ ಮೇಲಿಟ್ಟ. "ಟೋರಿ ಕಂಪನಿಯ ಕತ್ತಿ. ಮ್ಯಾಸಚೂಸೆಟ್ಸಿನದ್ದು. ನೀವು ಕೇಳಿ ಕೇಳಿ ನನ್ನ ತಲೆ ತಿಂದದ್ದು ಇದೇ ಅಲ್ವಾ?"

ಇವರು ಅದನ್ನು ಬಿಚ್ಚಲೂ ಇಲ್ಲ. ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. "ನೀನೇ ಇಟ್ಕೊ ಝುಬೈರ್. ಒಂದು ಕೆಲ್ಸ ಮಾಡು, ನಂದೆಲ್ಲವನ್ನೂ ಕೊಂಡುಹೋಗು. ನನಗಿನ್ನು ಎಂತಕ್ಕೆ?"

ಝುಬೈರ್ ನಗೆಚಾಟಿಕೆ ಎಂದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿದ. ಬಾಗಿಲವರೆಗೆ ಹೋದಾಗ ನನ್ನಲ್ಲಿ ಕೇಳಿದ: "ಎಂತಾಗಿದೆ ಅಕ್ಕಾ ಇವರಿಗೆ?"

ಅಣ್ಣ ಕೂಡ ಹೋಗುವ ಮೊದಲು ತನ್ನ ಕೈಗಡಿಯಾರವನ್ನು ಪಕ್ಕದ ಮನೆಯವನಿಗೆ ಕೊಟ್ಟಿದ್ದ. ಅವನಿಗೆ ಯಾಕೆ ಕೊಟ್ಟೆ ಎಂದು ನಾವು ಯಾರೂ ಕೇಳಲಿಲ್ಲ. ಎಷ್ಟು ಒಳ್ಳೆಯ ಹುಡುಗ ಎಂದುಕೊಂಡೆವು.

ಆಗಸ್ಟ್ 25, ಭಾನುವಾರ

ಅಡಗಿಸಿಬಿಟ್ಟೆ. ಅವರು ಕೆಲಸಕ್ಕೆ ಹೋದ ಕೂಡಲೇ ಶೋಕೇಸಿನದ್ದು, ಬಚ್ಚಲಿನದ್ದು, ಸಾಣೆಕಲ್ಲು, ಮಸೆಯುವ ಚರ್ಮದ ಪಟ್ಟಿ, ಎಲ್ಲವನ್ನೂ. ಸಂಜೆ ಖಾಲಿ ಶೋಕೇಸ್ ನೋಡಿ ನಿಂತರು. "ಝುಬೈರ್ ಬಂದು ಕೊಂಡುಹೋದ. ನೀವೇ ಹೇಳಿದ್ದಲ್ವಾ?" ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದ್ದೋ ಅನ್ನಿಸಿತು. ಅವರು "ಹಾಂ" ಎಂದರು. ಅಷ್ಟೇ. ಜಗಳವಾದರೂ ಆಡಬಾರದಿತ್ತೇ!

ಮೊದಲು ಕಾರಿನ ಡಿಕ್ಕಿಯಲ್ಲಿಡೋಣ ಎಂದುಕೊಂಡಿದ್ದೆ. ಆದರೆ ಈ ಬಿಸಿಲಿಗೆ ಡಿಕ್ಕಿಯೊಳಗೆ ಮೊಟ್ಟೆ ಬೇಯುತ್ತದೆ. ಕೆಲವು ಕತ್ತಿಗಳ ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನದ್ದು. ದಂತದ ಹಾಗೆ ಕಾಣುತ್ತದೆ, ಶಾಖಕ್ಕೆ ಕೊಳೆಯುತ್ತದೆ, ಕೊಳೆತರೆ ಅದರ ಗಾಳಿಗೆ ಪಕ್ಕದ ಕತ್ತಿಗಳಿಗೂ ತುಕ್ಕು. ಬಿಗಿಯಾದ ಡಬ್ಬಿಯಲ್ಲಿ ಮುಚ್ಚಿಡಲೂಬಾರದು. ಹಾಗಾಗಿ ನನ್ನ ಸೀರೆಯ ಕಪಾಟಿನಲ್ಲಿ, ಹೊಲಿಯಲು ಬಂದ ಬ್ಲೌಸ್ ಬಟ್ಟೆಗಳ ಅಡಿಯಲ್ಲಿ, ಒಂದೊಂದನ್ನೂ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟೆ. ನುಸಿಗುಳಿಗೆಗಳನ್ನು ಹೊರಗೆ ತೆಗೆದೆ. ಅದರ ವಾಸನೆ ಹಿಡಿಗಳಿಗೆ ಆಗುತ್ತದೋ ಇಲ್ಲವೋ, ಯಾಕೋ ಬೇಡ ಅನ್ನಿಸಿತು. ಸೀರೆ ತೂತಾದರೆ ನೋಡಿಕೊಳ್ಳೋಣ.

ಅಡಿಗೆಮನೆಯ ಚೂರಿಗಳನ್ನೂ ಮೇಲಿನ ಗೂಡಿಗೆ ಹಾಕಿದ್ದೇನೆ.

ಆಗಸ್ಟ್ 29, ಗುರುವಾರ

ಅಂಗಡಿಯ ಪ್ಲಾಸ್ಟಿಕ್ ರೇಜರ್ ತಂದುಕೊಂಡಿದ್ದಾರೆ. ಗಾಯವಿಲ್ಲ. ರಜೆಯೂ ಇಲ್ಲ, ದಿನಾ ಕೆಲಸಕ್ಕೆ ಹೋಗುತ್ತಿದ್ದಾರೆ. ನಾನು ಮಾಡಿದ್ದು ಸರಿಯೇ. ಈ ವಾರ ಸ್ವಲ್ಪ ಉಸಿರು ಬಿಟ್ಟೆ.

ಕಡಲ ಗಾಳಿಯ ತೇವಕ್ಕೆ ಉಕ್ಕು ಬೇಗ ಕೆಡುತ್ತದೆ. ಅವರು ಆಚೆ ಹೋದ ಮೇಲೆ ಕಪಾಟು ತೆರೆದು ಒಂದೊಂದಕ್ಕೂ ಎಣ್ಣೆ ಹಚ್ಚುತ್ತೇನೆ. ತೆಂಗಿನೆಣ್ಣೆಯಲ್ಲ, ಅದು ಅಂಟು ಹಿಡಿಯುತ್ತದೆ. ಹೊಲಿಗೆ ಮಿಷನ್ನಿನ ಎಣ್ಣೆ. ಜಿನೀವಾದ್ದು ಹಗುರ, ತೆಳು, ಬೆರಳಲ್ಲಿ ಮೀಟಿದರೆ ಸಣ್ಣಗೆ ಹಾಡುತ್ತದೆ. ಕೇಸ್ ಮನೆತನದ್ದು ಭಾರ, ಗಟ್ಟಿಗಿತ್ತಿ. ಓಲಿಯನ್ ಊರಿನದ್ದರ ಹಿಡಿಯಲ್ಲಿ ಒಂದು ಕಡೆ ಬೆರಳು ಕೂರುವ ಸವೆತವಿದೆ. ಯಾರು ಎಷ್ಟು ವರ್ಷ ಹಿಡಿದದ್ದೋ. ಅದನ್ನು ಕೊನೆಗೆ ಒರೆಸುತ್ತೇನೆ, ಯಾಕೆಂದು ಗೊತ್ತಿಲ್ಲ.

ಹಿಡಿಗೆ ಕರ್ಪೂರದ ಘಾಟು ಬಂದರೆ ಕೊಳೆಯಲು ಶುರು ಎಂದರ್ಥ. ಮೂಸಿ ನೋಡುತ್ತಿದ್ದಾಗ ಗ್ರೀಷ್ಮಾ ಒಳಗೆ ಬಂದಳು. "ಮಮ್ಮಿ, ಆರ್ ಯೂ ಸ್ಮೆಲ್ಲಿಂಗ್ ಇಟ್?" ಎಂದು ನಕ್ಕಳು. ಪಪ್ಪನಿಗೆ ಹೇಳಬೇಡ ಎಂದೆ. ಅವಳ ನಗು ನಿಂತಿತು. ಯಾಕೆ ಎಂದು ಕೇಳಲಿಲ್ಲ. ಅವಳಿಗೂ ಏನೋ ಗೊತ್ತಾಗಿದೆ ಎಂದು ಆಗ ನನಗೆ ಗೊತ್ತಾಯಿತು.

ಸೆಪ್ಟೆಂಬರ್ 3, ಮಂಗಳವಾರ

ಕೈ ನಡುಗುತ್ತಿದೆ, ನನ್ನದು. ಅಕ್ಷರ ಸರಿ ಬರುವುದಿಲ್ಲ.

ಮಧ್ಯಾಹ್ನವೇ ಮನೆಗೆ ಬಂದರು. ಮುಖ ಸುಣ್ಣ. ಆ ಹೊತ್ತಿಗೆ ಮೇಲಿನ ಮನೆಯ ಅಪೊಲೋನಿಯಾ ಬ್ಲೌಸ್ ಅಳತೆ ನೋಡಲು ಬಂದಿದ್ದಳು. ಕ್ಲಿನಿಕ್ಕೊಂದರಲ್ಲಿ ನರ್ಸ್, ಕಡ್ಡಿ ಮುರಿದ ಹಾಗೆ ಮಾತಾಡುವವಳು. ನಾನು ನೀರು ಕೊಟ್ಟೆ. ಇವರು ಲೋಟ ಹಿಡಿದರು. ನೀರು ಅಂಗಿಯ ಮೇಲೆಲ್ಲ ಚೆಲ್ಲಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದುಕೊಂಡರು. ಆದರೂ ಲೋಟ ಹಲ್ಲಿಗೆ ಕಟಕಟ ಬಡಿಯಿತು.

ಅಪೊಲೋನಿಯಾ ನನ್ನ ಕಡೆ ತಿರುಗಿದಳು. "ಈ ಕೈ ಯಾವಾಗಿಂದ ಹೀಗೆ? ನೀನು ನೋಡ್ಲೇ ಇಲ್ವಾ ದೀಕ್ಷಿತಾ?"

ನೋಡಲಿಲ್ಲ. ಕುತ್ತಿಗೆ ನೋಡುತ್ತಿದ್ದೆ. ಕತ್ತಿ ನೋಡುತ್ತಿದ್ದೆ. ಕೈ ನೋಡಲಿಲ್ಲ.

ಅವಳು ಹೋದ ಮೇಲೆ ಹೇಳಿದರು. ಬೆಳಿಗ್ಗೆ ಪೆಟ್ಟಿಗೆ ಇಳಿಸುವಾಗ ಕೈ ಅದುರಿತು. ಪೆಟ್ಟಿಗೆ ವಾಲಿ ಲಾರಿಯ ಕ್ಯಾಬಿನ್ ಮೇಲೆ ಕೂತಿತು. ಕ್ಯಾಬಿನ್ ಅಪ್ಪಚ್ಚಿ. ಡ್ರೈವರ್ ನೇಪಾಳದವನು, ನೀರು ಕುಡಿಯಲು ಇಳಿದು ಹೋಗಿದ್ದ. ಸೂಪರ್‌ವೈಸರ್ ಗಾಳಿಯಿಂದ ಆದದ್ದು ಎಂದು ಬರೆದುಕೊಂಡ. ಇವರು ಅಲ್ಲ ಎನ್ನಲಿಲ್ಲ. ಆ ಡ್ರೈವರ್ ಬಂದು ಇವರ ಕೈಯನ್ನೇ ಹಿಡಿದು, "ಭಾಯ್, ದೇವರು ದೊಡ್ಡವನು" ಎಂದನಂತೆ.

"ಇಷ್ಟು ದಿನ ಹೇಗೆ ಹತ್ತಿದ್ರಿ ಮತ್ತೆ ಕ್ರೇನು?" ನಾನು ಕಿರುಚಿದೆ.

"ಕತ್ತಿ ಇತ್ತಲ್ಲ."

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದರು. ದಿನಾ ಬೆಳಿಗ್ಗೆ ಕತ್ತಿಯಲ್ಲಿ ಗಡ್ಡ ತೆಗೆಯುವುದೇ ಇವರ ಪರೀಕ್ಷೆ. ಅಂಥ ಕತ್ತಿಗೆ ಸುಳ್ಳು ಹೇಳಲಾಗುವುದಿಲ್ಲ, ಕೈ ಒಂದಿಷ್ಟು ಅದುರಿದರೂ ಚರ್ಮ ಸೀಳುತ್ತದೆ. ಗಾಯವಾಗದಿದ್ದರೆ ಆ ದಿನ ಕೈ ನೆಟ್ಟಗಿದೆ, ಕೆಲಸಕ್ಕೆ ಹೋಗುವುದು. ಗಾಯವಾದರೆ, ಇಲ್ಲವೇ ಕತ್ತಿ ಕೆನ್ನೆಗಿಡಲೇ ಆಗದಿದ್ದರೆ, ರಜೆ. "ಪ್ಲಾಸ್ಟಿಕ್ಕಿನದ್ದರಲ್ಲಿ ಹೇಗೆ ಎಳೆದರೂ ಕೊಯ್ಯುದಿಲ್ಲ ಮಾರಾಯ್ತಿ. ನನಗೆ ಗೊತ್ತೇ ಆಗ್ಲಿಲ್ಲ."

ಅಡಗಿಸಿದವಳು ನಾನು. ಗಾಯವಿಲ್ಲ ಎಂದು ಉಸಿರು ಬಿಟ್ಟವಳು ನಾನು.

ಸೆಪ್ಟೆಂಬರ್ 4, ಬುಧವಾರ

ಆ ಡ್ರೈವರನಿಗೆ ಬಾಯಾರಿಕೆಯಾಗದೆ ಇದ್ದಿದ್ದರೆ?

ಸೆಪ್ಟೆಂಬರ್ 6, ಶುಕ್ರವಾರ

ಕಪಾಟು ತೆರೆದು ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಒಂದು ಕತ್ತಿ ತೆಗೆದು ಎಣ್ಣೆ ಹಚ್ಚಿದ್ದನ್ನು ಬೆಳಕಿಗೆ ಹಿಡಿದು, "ಹಿಡಿಯ ತಿರುಗಣೆಗೂ ಹಚ್ಚಿದ್ದಿಯಾ?" ಎಂದರು. ಹಚ್ಚದೆ ಮತ್ತೆ! ಅಲ್ಲೇ ಅಲ್ಲವೇ ತುಕ್ಕು ಶುರುವಾಗುವುದು.

ಯಾಕೆ ಅಡಗಿಸಿದೆ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಭಾನುವಾರ ಕಂಪನಿಯ ಮೆಡಿಕಲ್ ಪರೀಕ್ಷೆ, ವರ್ಷಕ್ಕೊಂದು ಸಲ ಇರುವುದು. ಅಲ್ಲಿಯವರೆಗೆ ರಜೆ ಹಾಕಿದ್ದಾರೆ. ಯಾರೋ ಹೇಳಿದ ಮಾತ್ರೆಯೊಂದು ತಂದಿಟ್ಟುಕೊಂಡಿದ್ದಾರೆ, ನುಂಗಿದರೆ ಸ್ವಲ್ಪ ಹೊತ್ತು ಕೈ ನಿಲ್ಲುತ್ತದಂತೆ. ಡಾಕ್ಟರಿಗೆ ಹೇಳಿಬಿಡಿ ಎಂದೆ. "ಹೇಳಿದ್ರೆ ಕ್ರೇನ್ ಹೋಯ್ತು. ಕ್ರೇನ್ ಹೋದ್ರೆ ವೀಸಾ. ಗ್ರೀಷ್ಮಾಳ ಶಾಲೆ ಎಂತ ಮಾಡುದು? ಇಲ್ಲಿಂದ ಹೋಗ್ಬೇಕಾದ್ರೆ ಇದನ್ನೆಲ್ಲ ಹೊತ್ಕೊಂಡು ಹೋಗ್ಲಿಕ್ಕೆ ಆಗ್ತದಾ ಅಂತಲೇ ಅವತ್ತು ಝುಬೈರ್ ಹತ್ರ ಹೇಳಿದ್ದು." ನಾನು ಲಾರಿಯವನ ಮಾತೆತ್ತಿದೆ. ಅವರು ಎದ್ದು ಬಚ್ಚಲಿಗೆ ಹೋದರು. ಕತ್ತಿ ಹಿಡಿದರು, ಕೆನ್ನೆಗೆ ಇಡುವ ಮೊದಲೇ ಅಲಗು ಕುಣಿಯಿತು. ಈ ಸಲ ಬಾಗಿಲು ಹಾಕಲಿಲ್ಲ, ಹಾಗಾಗಿ ನೋಡಿದೆ.

"ಕೊಡಿ ಇಲ್ಲಿ" ಎಂದೆ.

"ಇದು ಬ್ಲೌಸ್ ಅಲ್ಲ ಮಾರಾಯ್ತಿ."

ಆದರೂ ಕಲಿಸಿದರು. ಗ್ರೀಷ್ಮಾಳ ಬರ್ತ್‌ಡೇಗೆ ತಂದುಳಿದ ಬಲೂನು ಊದಿ, ಸಾಬೂನಿನ ನೊರೆ ಬಳಿದು, ಅದನ್ನು ಕತ್ತಿಯಲ್ಲಿ ಹೆರೆಯಬೇಕು. ಹಳೆಯ ಕ್ಷೌರಿಕರು ಕಲಿಯುತ್ತಿದ್ದದ್ದು ಹಾಗಂತೆ. ಅಲಗು ಮಲಗಿಸಿದಂತೆ ಇರಬೇಕು, ಒತ್ತಬಾರದು, ಕತ್ತಿಯ ಭಾರವೇ ಸಾಕು. ಮೂರು ಬಲೂನು ಢಂ. ನೊರೆ ನನ್ನ ಮೂಗಿಗೆ. ಗ್ರೀಷ್ಮಾ ಬಿದ್ದು ಬಿದ್ದು ನಕ್ಕಳು. ಇವರೂ ನಕ್ಕರು. ಎಷ್ಟು ದಿನವಾಗಿತ್ತೋ. ನಾಲ್ಕನೆಯದು ಒಡೆಯಲಿಲ್ಲ. ನನಗೆ ಜಿನೀವಾದ ಕತ್ತಿಯೇ ಕೈಗೆ ಕೂರುತ್ತದೆ. ಕೇಸಿನದ್ದು ನನ್ನ ಬೆರಳಿಗೆ ದೊಡ್ಡದಾಯಿತು.

ಸೆಪ್ಟೆಂಬರ್ 8, ಭಾನುವಾರ

ಅವರು ಮೆಡಿಕಲ್‌ಗೆ ಹೋಗಿದ್ದಾರೆ. ಗ್ರೀಷ್ಮಾ ಶಾಲೆಗೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬಚ್ಚಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಬಿಸಿನೀರಿನ ಟವೆಲ್ ಒತ್ತಿದೆ, ನೊರೆ ಹಚ್ಚಿದೆ. ಅವರ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ಕುಣಿಯುತ್ತಿತ್ತು. ವಾಷ್‌ಬೇಸಿನ್ನಿನ ಅಂಚಿನಲ್ಲಿ ಆ ಮಾತ್ರೆ. ಕೆನ್ನೆ ಎರಡೂ ಮುಗಿಸಿ, ತಲೆ ಹಿಂದಕ್ಕೆ ವಾಲಿಸಿ, ಎಡಗೈಯಲ್ಲಿ ಚರ್ಮ ಬಿಗಿ ಹಿಡಿದು ಗಂಟಲಿಗೆ ಕತ್ತಿ ಇಟ್ಟೆ.

"ಕತ್ತಿ ಗಂಟಲಲ್ಲಿ ಉಂಟು. ಮಾತಾಡ್ಬಾರ್ದು. ನಿಮ್ಮದೇ ಕಾನೂನು."

ಅವರು ಕಣ್ಣಲ್ಲೇ ನಕ್ಕರು. ಆಗ ನನಗೆ ಹೊಳೆಯಿತು. ಈ ಮನುಷ್ಯ "ಎಂತ ಇಲ್ಲ" ಎನ್ನಲಾಗದ ಜಾಗ ಈ ಪ್ರಪಂಚದಲ್ಲಿ ಇದೊಂದೇ.

ಹೇಳಿಬಿಟ್ಟೆ. "ನಾನು ಕತ್ತಿ ಅಡಗಿಸಿದ್ದು ಸಿಟ್ಟಿಗಲ್ಲ. ನೀವು ಸಾಯ್ತೀರಿ ಅಂತ ಹೆದರಿ. ಅಣ್ಣನ ಹಾಗೆ. ನೀವು ಬಚ್ಚಲಿಗೆ ಹೋದಾಗೆಲ್ಲ ನಾನು ಬಾಗಿಲ ಹೊರಗೆ ನೀರಿನ ಸದ್ದು ಕೇಳ್ತಾ ನಿಂತಿರ್ತಿದ್ದೆ. ಚೂರಿ ಎಲ್ಲ ಮೇಲಿಟ್ಟು, ತರಕಾರಿ ಕೈಯಲ್ಲಿ ಮುರಿದು ಸಾರು ಮಾಡಿದ್ದೇನೆ. ನಿಮಗೆ ಗೊತ್ತಾಗ್ಲೇ ಇಲ್ಲ. ವೀಸಾ ಹೋಗ್ಲಿ. ಊರಿಗೆ ಹೋಗಿ ನಾನು ಬ್ಲೌಸ್ ಹೊಲಿತೇನೆ. ನೀವು ಇಲ್ಲದೆ ಹೋದ್ರೆ ನಾನು ಎಂತ ಹೊಲಿಯುದು?"

ಅಷ್ಟು ಹೇಳುವಷ್ಟರಲ್ಲಿ ಗಂಟಲು ಪೂರಾ ಮುಗಿದಿತ್ತು. ಒಂದು ಗೀರಿಲ್ಲ. ಅವರ ಕಣ್ಣ ಕೊನೆಯಿಂದ ನೀರು ಇಳಿದು ಕಿವಿಯ ಬಳಿಯ ನೊರೆಯೊಳಗೆ ಹೋಗುತ್ತಿತ್ತು. ನಾನು ಕತ್ತಿ ಮಡಚಿದೆ. ಅವರು ಮುಖ ತೊಳೆದುಕೊಳ್ಳಲಿಲ್ಲ, ಹಾಗೇ ಕೂತಿದ್ದರು.

"ಕತ್ತಿಯಲ್ಲಿ ಅಲ್ಲ" ಎಂದರು ಆಮೇಲೆ.

"ಎಂತ?"

"ಜುಲೈಯಲ್ಲಿ ಒಂದು ದಿನ. ಮೇಲೆ ಕ್ರೇನಿನ ಗೂಡಿನ ಬಾಗಿಲು ತೆಗ್ದು ನಿಂತಿದ್ದೆ. ಕೆಳಗೆ ನೋಡ್ತಾ. ಎಷ್ಟು ಹೊತ್ತೋ ಗೊತ್ತಿಲ್ಲ. ರೇಡಿಯೋದಲ್ಲಿ ಯಾರೋ 'ಯಲ್ಲಾ, ಯಲ್ಲಾ', ಬೇಗ ಬೇಗ ಅಂತ ಬೊಬ್ಬೆ ಹಾಕಿದ್ರು. ಒಳಗೆ ಬಂದು ಪೆಟ್ಟಿಗೆ ಎತ್ತಿದೆ."

ನಾನು ಕಾದದ್ದು ಶೋಕೇಸನ್ನು. ಅವರು ನಿಂತಿದ್ದದ್ದು ಆರು ಮಾಳಿಗೆ ಎತ್ತರದಲ್ಲಿ. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿ, ಗಾಯ ಆಗಿಲ್ಲವಲ್ಲ ಎಂದು ಸಮಾಧಾನಪಟ್ಟು, ನಾನೇ ಅವರನ್ನು ಅಲ್ಲಿಗೆ ಕಳಿಸುತ್ತಿದ್ದೆ.

ಅವರ ಎರಡೂ ಕೈ ಹಿಡಿದುಕೊಂಡೆ. ಬಲಗೈ ನನ್ನ ಕೈಯೊಳಗೂ ಅದುರುತ್ತಿತ್ತು. ಕೆಳಗೆ ಝುಬೈರನ ಗಾಡಿ ಹಾರ್ನ್ ಹಾಕಿತು, ಕರೆದುಕೊಂಡು ಹೋಗಲು ನಾನೇ ಹೇಳಿದ್ದೆ.

ಅವರು ಹೋದ ಮೇಲೆ ಬಚ್ಚಲು ತೊಳೆಯಲು ಹೋದರೆ ವಾಷ್‌ಬೇಸಿನ್ನಿನ ಅಂಚಿನಲ್ಲಿ ಮಾತ್ರೆ ಇಟ್ಟಲ್ಲೇ ಇದೆ.

ಸೆಪ್ಟೆಂಬರ್ 13, ಶುಕ್ರವಾರ

ಕ್ರೇನ್ ಹೋಯಿತು. ಸದ್ಯಕ್ಕೆ ಗೇಟಿನ ಆಫೀಸಿನಲ್ಲಿ ಕೂರಿಸಿದ್ದಾರೆ, ನರಗಳ ಡಾಕ್ಟರು ನೋಡಿದ ಮೇಲೆ ಮುಂದಿನ ಮಾತು ಎಂದಿದ್ದಾರೆ. ಇದು ದೊಡ್ಡ ಕಾಯಿಲೆಯೋ ಬರೀ ನಡುಕವೋ ಇನ್ನೂ ಗೊತ್ತಿಲ್ಲ. ಹೆದರಿಕೆ ಹೋಗಿಲ್ಲ, ಇಲ್ಲೇ ಎದೆಯೊಳಗೆ ಕೂತಿದೆ.

ಮೊನ್ನೆ ಊಟಕ್ಕೆ ಕೂತಾಗ, ಡಾಕ್ಟರ ಹತ್ತಿರ ಏನೇನು ಹೇಳಿದಿರಿ ಎಂದು ಕೇಳಿದೆ. "ಕೈಯದ್ದು ಹೇಳಿದೆ. ಲಾರಿಯದ್ದು ಹೇಳಿದೆ" ಎಂದರು. ಅನ್ನ ಕಲೆಸುತ್ತ, "ಜುಲೈಯದ್ದೂ ಹೇಳಿದೆ" ಎಂದರು. ಅದಕ್ಕೂ ಒಬ್ಬರು ಡಾಕ್ಟರು ಇದ್ದಾರಂತೆ. ಗುರುವಾರಗಳಲ್ಲಿ ಹೋಗಬೇಕು. ನಾನೂ ಜೊತೆಗೆ ಹೋಗುತ್ತೇನೆ, ಬೇಡವೆಂದರೂ.

ಚೂರಿಗಳು ಅಡಿಗೆಮನೆಗೆ ಬಂದಿವೆ. ಕತ್ತಿಗಳು ಶೋಕೇಸಿಗೆ. ಕೆಳಗಿನ ಸಾಲನ್ನು ಮಾತ್ರ ನಾನು ಬದಲಿಸಿದೆ, ಇವರು ದೊಡ್ಡದು ಸಣ್ಣದು ನೋಡಿ ಇಡುತ್ತಿದ್ದರು. ಊರಿನ ಪ್ರಕಾರ ಇಟ್ಟರೆ ಲಿಟಲ್ ವ್ಯಾಲಿಯವರೆಲ್ಲ ಒಟ್ಟಿಗೆ ಬರುತ್ತಾರೆ, ನೆಂಟರಲ್ಲವೇ.

ಝುಬೈರನಿಗೆ ಫೋನ್ ಮಾಡಿದೆ. ಆ ಟೋರಿ ಕತ್ತಿ ಇನ್ನೂ ಉಂಟಾ, ಹಿಡಿಗೆ ಕರ್ಪೂರದ ವಾಸನೆ ಬರ್ತದಾ ನೋಡು ಎಂದೆ.

"ಇಲ್ಲ ಅಕ್ಕಾ, ಚೊಕ್ಕ ಉಂಟು. ಯಜ್ಞಣ್ಣನಿಗಾ?"

"ನನಗೆ" ಎಂದೆ.

ಇವತ್ತು ಬೆಳಿಗ್ಗೆ ಅಡಿಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಬಚ್ಚಲಿನ ಬಾಗಿಲು ತೆರೆದೇ ಇತ್ತು. ಕುರ್ಚಿ ಎಳೆದ ಸದ್ದು ಕೇಳಿತು. "ದೀಕ್ಷಿತಾ, ನೊರೆ ಒಣಗ್ತಾ ಉಂಟು" ಎಂದು ಕೂಗಿದರು. ಕೈ ಒರೆಸಿಕೊಂಡು ಹೋದೆ.